ಮಂಜಿನೊಳಗೆ ಎರಡು ಸೀಟಿ

ದೆವ್ವ, ಶಕುನಗಳ ಮಾತು ಶುರುವಾದರೆ ಟೀ ಮಾಡುವ ನೆಪದಲ್ಲಿ ಎದ್ದು ಹೋಗುವವಳು ನಾನು. ನಂಬುವವರ ಮೇಲೆ ನನಗೆ ಕೋಪವಿಲ್ಲ, ಕೇಳುವ ಆಸಕ್ತಿ ಇರಲಿಲ್ಲ, ಅಷ್ಟೆ. ಐರ್ಲೆಂಡಿನ ಸ್ಲೈಗೋ ಊರಿನ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ನನಗೆ ಕೆಲಸ. ಹೆಸರು, ದಿನಾಂಕ, ಸಮಯ ಇಲ್ಲದ ರಕ್ತದ ಟ್ಯೂಬು ಬಂದರೆ ನಾವು ಅದನ್ನು ಪರೀಕ್ಷೆಗೆ ತೆಗೆದುಕೊಳ್ಳುವುದಿಲ್ಲ. ಮನೆಯಲ್ಲೂ ನನ್ನದು ಅದೇ ಬುದ್ಧಿ. ಹೈಸ್ಕೂಲಿನಿಂದ ಇಂದಿನವರೆಗೆ ದಿನಚರಿ ಬಿಟ್ಟಿಲ್ಲ. ಮಳೆ ಬಂದ ದಿನಗಳಿಂದ ಹಿಡಿದು ಅಮ್ಮ ಫೋನಿನಲ್ಲಿ ಮದುವೆಯ ವಿಷಯ ಎತ್ತಿದ ದಿನಗಳವರೆಗೆ ಎಲ್ಲಕ್ಕೂ ಲೆಕ್ಕವಿದೆ. ಹಾಗಾಗಿ ಈಗ ಹೇಳಹೊರಟಿರುವುದನ್ನು ಓದಿ ನೀವು ನಂಬದಿದ್ದರೆ ನನಗೆ ಬೇಸರವಾಗುವುದಿಲ್ಲ. ಬೇರೆ ಯಾರಾದರೂ ಇದನ್ನು ಬರೆದಿದ್ದರೆ ನಾನೂ ನಂಬುತ್ತಿರಲಿಲ್ಲ.

ಮೂರು ವರ್ಷದ ಹಿಂದಿನ ಜೂನ್ ತಿಂಗಳು. ಕೊಳ್ಳೇಗಾಲದಿಂದ ಅಪ್ಪ ಅಮ್ಮ ನನ್ನಲ್ಲಿಗೆ ಬಂದಿದ್ದರು. ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಮಲೆ ಮಹದೇಶ್ವರ ಬೆಟ್ಟದ ತಿರುವುಗಳಲ್ಲಿ ವರ್ಷಾನುಗಟ್ಟಲೆ ಒಂದು ಅಪಘಾತವೂ ಇಲ್ಲದೆ ಓಡಿಸಿ ಪದಕ ಪಡೆದವರು. ಆದರೆ ಇಂಜಿನ್ನಿನ ಪಕ್ಕದಲ್ಲಿ ಕೂತೂ ಕೂತೂ ಅವರ ಕಿವಿ ಮಂದವಾಯಿತು. ಕೊನೆಯ ಎರಡು ವರ್ಷ ಅವರನ್ನು ಬಸ್ಸಿನಿಂದ ಇಳಿಸಿ ಡಿಪೋ ಗೇಟಿನಲ್ಲಿ ಕೂರಿಸಿದರು. ಹೋಗುವ ಬರುವ ಬಸ್ಸುಗಳ ನಂಬರು ಬರೆದುಕೊಳ್ಳುವ ಕೆಲಸ. ಸ್ಟಿಯರಿಂಗ್ ಹಿಡಿದೇ ನಿವೃತ್ತನಾಗುತ್ತೇನೆ ಎಂದುಕೊಂಡಿದ್ದವರು ಪೆನ್ನು ಹಿಡಿದು ನಿವೃತ್ತರಾದರು. ಇದರ ಬಗ್ಗೆ ಅವರು ಯಾರನ್ನೂ ದೂರಲಿಲ್ಲ. ಆದರೆ ಬೀಳ್ಕೊಡುಗೆಯ ಫೋಟೋವನ್ನು ಗೋಡೆಗೆ ಹಾಕಲು ಬಿಡಲಿಲ್ಲ. ಆಮೇಲೆ ಯಾವ ಗಾಡಿಯನ್ನೂ ಮುಟ್ಟಲಿಲ್ಲ.

ಒಳಗೇ ಅಡುಗೆ ಮಾಡಿಕೊಂಡು ಮಲಗಬಹುದಾದ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ಹಿಡಿದು ಪಶ್ಚಿಮದ ಕಡಲ ದಂಡೆಗುಂಟ ಹೋಗೋಣ, ನೀವೇ ಓಡಿಸಿ ಎಂದು ನಾನು ಅಪ್ಪನಿಗೆ ಹೇಳಿದ್ದು ಇದೇ ಕಾರಣಕ್ಕೆ. ಕಿವಿ ಮಂದವಿರುವವರು ಇಲ್ಲಿ ವ್ಯಾನು ಓಡಿಸಬಹುದೇ ಎಂದು ಮೊದಲೇ ವಿಚಾರಿಸಿಕೊಂಡಿದ್ದೆ. ವಿಮೆಯವರಿಗೆ ಎಲ್ಲವನ್ನೂ ತಿಳಿಸಿ ಅವರ ಹೆಸರು ಸೇರಿಸಿದ್ದೆ. ಮೈಸೂರಿನಲ್ಲಿರುವ ತಮ್ಮನಿಗೆ ಮಾತ್ರ ಇದು ಸುತರಾಂ ಇಷ್ಟವಿರಲಿಲ್ಲ. “ಅಕ್ಕ, ಗೊತ್ತಿಲ್ದಿರೋ ರಸ್ತೆ. ಒಂದು ಸಣ್ಣ ಗೀರು ಬಿದ್ರೂ ಅಪ್ಪ ಇನ್ಮೇಲೆ ಸೈಕಲ್ಲೂ ಮುಟ್ಟಲ್ಲ, ನೋಡ್ತಿರು,” ಎಂದ. ಅವನ ಮಾತು ನಿಜವೆಂದು ನನಗೂ ಗೊತ್ತಿತ್ತು.

ವ್ಯಾನಿನ ಮಾಲೀಕ ಒಬ್ಬ ವಯಸ್ಸಾದ ಐರಿಷ್ ಮನುಷ್ಯ. ತನ್ನ ಅಂಗಳದಲ್ಲಿ ಅಪ್ಪನಿಂದ ಒಂದು ಸುತ್ತು ಓಡಿಸಿ ನೋಡಿದ. ಎರಡು ಹುಲ್ಲಿನ ಮೆದೆಗಳ ನಡುವೆ ಅಪ್ಪ ಕನ್ನಡಿ ನೋಡಿಕೊಂಡೇ ಹಿಂದಕ್ಕೆ ತಂದು ನಿಲ್ಲಿಸಿದಾಗ ಅವನು ಹೇಳಿದ್ದು ಒಂದೇ ಮಾತು: “ಗ್ರ್ಯಾಂಡ್.” ಅಲ್ಲಿಯವರು ‘ಚೆನ್ನಾಗಿದೆ’ ಎನ್ನಲು ಬಳಸುವ ಆ ಮಾತನ್ನು ಅಪ್ಪ ಅಲ್ಲಿಂದಲೇ ಎತ್ತಿಕೊಂಡರು. ಅಮ್ಮನ ಉಪ್ಪಿಟ್ಟು ಗ್ರ್ಯಾಂಡು, ಹವಾ ಗ್ರ್ಯಾಂಡು, ರಾತ್ರಿಯ ನಿದ್ದೆಯೂ ಗ್ರ್ಯಾಂಡು.

ಮೊದಲ ಐದು ದಿನ ನಾನು ಅಪ್ಪನ ಎಡಕ್ಕೆ ಕೂತು ನೋಡಿದ್ದೇ ನೋಡಿದ್ದು. ಅಲ್ಲಿನ ರಸ್ತೆಗಳು ಒಂದು ಗಾಡಿಯಷ್ಟೇ ಅಗಲ, ನಡುವೆ ಹುಲ್ಲು ಬೆಳೆದಿರುತ್ತದೆ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಅದರವನು ಯೋಚಿಸುವ ಮೊದಲೇ ಅಪ್ಪ ಹಿಂದೆ ಸರಿದು ದಾರಿ ಬಿಟ್ಟಿರುತ್ತಿದ್ದರು. ಅಲ್ಲಿಯವರು ಸ್ಟಿಯರಿಂಗಿನಿಂದ ಒಂದೇ ಬೆರಳೆತ್ತಿ ನಮಸ್ಕಾರ ಹೇಳುತ್ತಾರೆ. ಅಪ್ಪನಿಗೆ ಸಿಕ್ಕ ಬೆರಳುಗಳನ್ನು ನಾನು ಎಣಿಸಿಡುತ್ತಿದ್ದೆ. ಒಂದು ದಿನ ಇಪ್ಪತ್ತೇಳಾಯಿತು. ಹಿಂದೆ ಕೂತ ಅಮ್ಮ, ಗುರುತಿಗೆಂದು ಬಣ್ಣ ಬಳಿದ ಕುರಿಗಳನ್ನು ನೋಡಿ, ಇವಕ್ಕೆ ಹೋಳಿ ಆಡಿಸಿದವರು ಯಾರು ಎಂದು ನಗುತ್ತಿದ್ದರು. ನಡುನಡುವೆ ಅಪ್ಪ ಹಳೆಯ ಬಸ್ಸಿನ ಕತೆ ಹೇಳುತ್ತಿದ್ದರು. ಹೇಳಿದ ಕತೆಯಲ್ಲೆಲ್ಲ ಗೌಸ್ ಮಾಮ ಇರುತ್ತಿದ್ದರು.

ಗೌಸ್ ಮಾಮ ಅಪ್ಪನ ಬಸ್ಸಿನ ಕಂಡಕ್ಟರು. ಬೆಟ್ಟದ ರೂಟಿನಲ್ಲಿ ಒಂಬತ್ತು ವರ್ಷ ಇಬ್ಬರೂ ಜೊತೆಗಿದ್ದರು. ಕಂಡಕ್ಟರ ಸೀಟಿಯ ಭಾಷೆ ನಮ್ಮ ಕಡೆ ಬಸ್ಸು ಹತ್ತಿದವರಿಗೆಲ್ಲ ಗೊತ್ತು. ಒಂದು ಊದಿದರೆ ನಿಲ್ಲಿಸು, ಎರಡು ಊದಿದರೆ ಹೊರಡು. ರಿವರ್ಸ್ ತೆಗೆಯುವಾಗ ಕೆಳಗಿಳಿದು ಬಸ್ಸಿನ ಹಿಂದೆ ನಿಂತು ಚಿಕ್ಕ ಚಿಕ್ಕದಾಗಿ ಊದುತ್ತಿದ್ದರೆ ಬಾ, ಬಾ ಎಂದರ್ಥ. ಗೌಸ್ ಮಾಮನ ಎರಡನೆಯ ಸೀಟಿ ಮಾತ್ರ ಬೇರೆಯವರದಕ್ಕಿಂತ ಉದ್ದ, ಕೊನೆಯಲ್ಲಿ ಸ್ವಲ್ಪ ಏರುತ್ತಿತ್ತು.

ಆರನೆಯ ದಿನ ಮೇಯೋ ಜಿಲ್ಲೆಯ ಪಶ್ಚಿಮದ ತುದಿಯಲ್ಲಿದ್ದೆವು. ಸಂಜೆ ಎಂಟಾಗಿದ್ದರೂ ಆ ಕಾಲದಲ್ಲಿ ಅಲ್ಲಿ ಬಿಸಿಲು ಇರಬೇಕಾದ ಹೊತ್ತು. ಆದರೆ ಕಡಲಿನಿಂದ ಎದ್ದ ಮಂಜು ಹತ್ತು ನಿಮಿಷದಲ್ಲಿ ಎಲ್ಲವನ್ನೂ ಮುಚ್ಚಿತು. ರಾತ್ರಿ ತಂಗಲು ಗುರುತು ಹಾಕಿಕೊಂಡಿದ್ದ ದಂಡೆ ಇನ್ನು ಎರಡು ಕಿಲೋಮೀಟರ್ ಎಂದು ಫೋನು ತೋರಿಸುತ್ತಿತ್ತು. ಬಲಕ್ಕೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕಲ್ಲಿನ ಗೋಡೆ. ಎಡಕ್ಕೆ ಒಂದಿಷ್ಟು ಹುಲ್ಲು, ಅದರಾಚೆ ಕೆಳಗೆ ಕಡಲಿನ ಸದ್ದು. ಅಪ್ಪ ನಡಿಗೆಯ ವೇಗದಲ್ಲಿ ಓಡಿಸುತ್ತಿದ್ದವರು ಇದ್ದಕ್ಕಿದ್ದಂತೆ ಬ್ರೇಕ್ ಹಾಕಿದರು.

ಏನಾಯಿತು ಎಂದು ಕೂಗಿ ಕೇಳಿದೆ.

“ಸೀಟಿ ಆಯ್ತಲ್ಲವ್ವ. ಒಂದೇ ಸೀಟಿ.”

ನನಗೆ ಏನೂ ಕೇಳಿಸಿರಲಿಲ್ಲ. ಅಮ್ಮನಿಗೂ ಇಲ್ಲ. ಅಪ್ಪನ ಕಿವಿಯತ್ತ ನೋಡಿದೆ. ಕಿಟಕಿಯ ಗಾಳಿಗೆ ಗುಯ್ಯೆನ್ನುತ್ತದೆಂದು ಕಿವಿಯ ಯಂತ್ರಗಳೆರಡನ್ನೂ ಮಧ್ಯಾಹ್ನವೇ ತೆಗೆದು ಅಮ್ಮನ ಬ್ಯಾಗಿಗೆ ಹಾಕಿದ್ದರು. ಯಂತ್ರವಿಲ್ಲದಿದ್ದರೆ ಅವರಿಗೆ ಪಕ್ಕದಲ್ಲೇ ಕೂಗಿ ಹೇಳಿದ ಮಾತಷ್ಟೇ ತಿಳಿಯುತ್ತದೆ, ಕುಕ್ಕರಿನ ಕೂಗೂ ಕೇಳಿಸುವುದಿಲ್ಲ. ದಣಿದಿದ್ದಾರೆ, ಕಿವಿಯೊಳಗೇ ಏನೋ ಸದ್ದಾಗುತ್ತಿದೆ ಎಂದುಕೊಂಡೆ. ಇನ್ನು ನಾನು ಓಡಿಸುತ್ತೇನೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಮ್ಮೆ ಆ ಮಾತು ಹೇಳಿದರೆ ಡಿಪೋ ಗೇಟಿಗೆ ಅವರನ್ನು ಎರಡನೆಯ ಸಲ ಕಳಿಸಿದಂತೆ ಎಂಬುದೂ ಹೊಳೆಯಿತು. ಹಾಗಾಗಿ, ಮುಂದೆ ಏನೂ ಇಲ್ಲವೆಂದು ತೋರಿಸಿ ಬರೋಣ ಎಂದು ಕೆಳಗಿಳಿದೆ.

ಹೆಡ್‌ಲೈಟಿನ ಬೆಳಕು ಮಂಜಿಗೆ ತಾಗಿ ಬೆಳ್ಳಗಿತ್ತು. ಕೆಲವೇ ಹೆಜ್ಜೆ ಹೋಗಿದ್ದೆ, ರಸ್ತೆ ಮುಗಿದುಹೋಯಿತು. ಚಳಿಗಾಲದ ಅಲೆಗಳು ಕೊರೆದು ದಿಬ್ಬದ ಜೊತೆಗೆ ರಸ್ತೆಯ ಎಡಭಾಗ ಪೂರ್ತಿ ಕುಸಿದು ಕಡಲಿಗೆ ಬಿದ್ದಿತ್ತು. ಡಾಂಬರಿನ ತುಂಡೊಂದು ಗಾಳಿಯಲ್ಲಿ ನಾಲಿಗೆ ಚಾಚಿದಂತೆ ನಿಂತಿತ್ತು. ಕೆಳಗೆ ನೀರು ಕಾಣಿಸುತ್ತಿರಲಿಲ್ಲ, ಸದ್ದು ಮಾತ್ರ ಬರುತ್ತಿತ್ತು.

ನಾನು ತಿರುಗಿ ಬಂದು ಕಿವಿಯ ಹತ್ತಿರ ಕೂಗಿ ಹೇಳಿದಾಗ ಅಪ್ಪ ರಿವರ್ಸ್ ಗೇರ್ ಹಾಕಿದರು. ಹಿಂದೆ ಹೋಗಿ ದಾರಿ ತೋರಿಸುತ್ತೇನೆಂದೆ. ಅವರು ಬಿಡಲಿಲ್ಲ. “ಆ ಹುಲ್ಲಿನ ಮ್ಯಾಲೆ ಕಾಲಿಡ್ಬ್ಯಾಡ, ಅದೂ ಸಡ್ಲ ಆಗಿರ್ತದೆ. ನೀನು ಮುಂದ್ಗಡೆನೇ ಇರು. ನಾನು ತೆಗೀತೀನಿ,” ಎಂದರು. ಹಿಂಬದಿಯ ಕ್ಯಾಮೆರಾಗೆ ಕೆಸರು ಮೆತ್ತಿತ್ತು. ಕನ್ನಡಿಯಲ್ಲಿ ಮಂಜು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅಪ್ಪ ಕಿಟಕಿಯ ಗಾಜು ಪೂರ್ತಿ ಇಳಿಸಿ, ತಲೆ ಹೊರಹಾಕಿ, ಬಸ್ಸಿನಲ್ಲಿ ಮಾಡುತ್ತಿದ್ದಂತೆ ಬಾಗಿಲಿನ ಮೇಲೆ ಕೈಯಿಂದ ಎರಡು ಬಾರಿ ತಟ್ಟಿದರು.

ಆಗ ನನಗೆ ಕೇಳಿಸಿತು.

ವ್ಯಾನಿನ ಹಿಂದಿನಿಂದ, ಮಂಜಿನೊಳಗಿಂದ, ಚಿಕ್ಕ ಚಿಕ್ಕ ಸೀಟಿ. ಒಂದೇ ಸಮನೆ, ಆತುರವಿಲ್ಲದೆ. ಬಾ, ಬಾ, ಬಾ. ವ್ಯಾನು ಹಿಂದಕ್ಕೆ ಸರಿಯತೊಡಗಿತು. ನಾನು ಹೆಡ್‌ಲೈಟಿನ ಎದುರು ಅದರ ಜೊತೆಗೇ ನಡೆದೆ. ದಾರಿ ಬಳುಕುವಲ್ಲಿ ಸೀಟಿ ನಿಧಾನವಾಗುತ್ತಿತ್ತು, ಅಪ್ಪನೂ ನಿಧಾನಿಸುತ್ತಿದ್ದರು. ನೆಟ್ಟಗಿರುವಲ್ಲಿ ಚುರುಕಾಗುತ್ತಿತ್ತು. ಬೆಟ್ಟದ ತಿರುವಿನಲ್ಲಿ ಅಪ್ಪ ಹೇಗೆ ಬಸ್ಸು ತೆಗೆಯುತ್ತಿದ್ದರೆಂದು ಚಿಕ್ಕವಳಿದ್ದಾಗ ನೋಡಿದ್ದೆ. ಈಗ ನೋಡುತ್ತಿದ್ದುದು ಅದೇ ಮನುಷ್ಯನನ್ನು. ಭಯವಾಗಬೇಕಿತ್ತು. ನಿಜ ಹೇಳಬೇಕೆಂದರೆ ನನಗೆ ಆ ಹೊತ್ತಿನಲ್ಲಿ ಆಗಿದ್ದು ಹೆಮ್ಮೆ.

ಹೊಲವೊಂದರ ಗೇಟಿನ ಹತ್ತಿರ ಒಂದು ಉದ್ದನೆಯ ಸೀಟಿ. ವ್ಯಾನು ನಿಂತಿತು. ಹಿಂದಿನ ಚಕ್ರಕ್ಕೂ ಆಳವಾದ ಚರಂಡಿಗೂ ನಡುವೆ ಒಂದು ಗೇಣು ಉಳಿದಿತ್ತು. ಗೇಟಿನ ಮುಂದಿನ ಜಾಗದಲ್ಲಿ ಅಪ್ಪ ಗಾಡಿ ತಿರುಗಿಸಿಕೊಂಡರು. ಆಮೇಲೆ ಎರಡು ಸೀಟಿ. ಎರಡನೆಯದು ಉದ್ದ, ಕೊನೆಯಲ್ಲಿ ಏರಿತು.

ಅಪ್ಪ ಹೊರಡಲಿಲ್ಲ. ಕಂಡಕ್ಟರು ಹತ್ತಿ ಬಾಗಿಲು ಹಾಕಿಕೊಳ್ಳುವವರೆಗೆ ಕಾಯುವ ಅಭ್ಯಾಸ ಅವರದು. ಕನ್ನಡಿ ನೋಡುತ್ತ ಕೂತಿದ್ದರು. ನಾನು ಟಾರ್ಚು ಹಿಡಿದು ಗೇಟಿನ ಸುತ್ತ, ಗೋಡೆಯ ಆಚೆ ನೋಡಿದೆ. ಒದ್ದೆ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಕೊನೆಗೆ ಹತ್ತಿದವಳು ನಾನೊಬ್ಬಳೇ.

ಆ ರಾತ್ರಿ ಹಿಂದಿನ ಊರಿನ ದೋಣಿಕಟ್ಟೆಯಲ್ಲಿ ತಂಗಿದೆವು. ಬೆಳಿಗ್ಗೆ ಅಲ್ಲಿ ಸಿಕ್ಕ ರೈತನೊಬ್ಬ, ರಸ್ತೆ ಮುಚ್ಚಿದೆ ಎಂಬ ಹಲಗೆ ಗಾಳಿಗೆ ಉರುಳಿರಬೇಕು ಎಂದ. ಆ ಹೊತ್ತಿನಲ್ಲಿ ಅತ್ತ ಯಾರೂ ಇರುವುದಿಲ್ಲವಂತೆ. ಸೀಟಿಯ ವಿಷಯ ಕೇಳಿ, ಕೆಂಪು ಕೊಕ್ಕಿನ ಕಡಲ ಹಕ್ಕಿಯೊಂದು ಹಾಗೇ ಕೂಗುತ್ತದೆ ಎಂದ. ಅಮ್ಮ ಕೂಡಲೇ, ತನಗೂ ಹಕ್ಕಿಯಂತೆಯೇ ಕೇಳಿಸಿತು ಎಂದರು. ಆ ಹಕ್ಕಿಯ ಕೂಗನ್ನು ನಾನು ಆಮೇಲೆ ಹಲವು ಬಾರಿ ಕೇಳಿದ್ದೇನೆ. ಹೋಲಿಕೆ ಇದೆ. ಆದರೆ ಚರಂಡಿ ಬಂದಾಗ ನಿಲ್ಲಿಸು ಎನ್ನುವ ಹಕ್ಕಿಯನ್ನು ನಾನಿನ್ನೂ ಕಂಡಿಲ್ಲ. ಯಂತ್ರವಿಲ್ಲದ ಅಪ್ಪನ ಕಿವಿಗೂ ಕೇಳಿಸುವ ಹಕ್ಕಿಯನ್ನಂತೂ ಕಂಡೇ ಇಲ್ಲ.

ನೀವು ಊಹಿಸುತ್ತಿರುವುದನ್ನೇ ನಾನೂ ಊಹಿಸಿ ಕೊಳ್ಳೇಗಾಲಕ್ಕೆ ಫೋನು ಮಾಡಿದೆ. ಎತ್ತಿದ್ದು ಸ್ವತಃ ಗೌಸ್ ಮಾಮ. ಅವರಿಗೆ ಏನೂ ಆಗಿರಲಿಲ್ಲ. ರಾತ್ರಿ ಬಿರಿಯಾನಿ ತಿಂದು ಚೆನ್ನಾಗಿ ನಿದ್ದೆ ಮಾಡಿದ್ದರು. ಎಲ್ಲ ಕೇಳಿ ಜೋರಾಗಿ ನಕ್ಕರು. “ನಂಗೆ ಪಾಸ್‌ಪೋರ್ಟೇ ಇಲ್ವಲ್ಲಮ್ಮ, ಅಲ್ಲಿಗೆ ಹೆಂಗೆ ಬರ್ಲಿ?” ಎಂದರು. ಆಮೇಲೆ ನಗು ನಿಲ್ಲಿಸಿ, ಗಾಡಿಗೆ ಗೀರೇನಾದರೂ ಬಿತ್ತೇ ಎಂದು ಕೇಳಿದರು. ಒಂದೂ ಇಲ್ಲವೆಂದು ಹೇಳಿ ಫೋನನ್ನು ಸ್ಪೀಕರಿಗೆ ಹಾಕಿದೆ. ಗೋಡೆಯ ಮೊಳೆಗೆ ನೇತುಹಾಕಿದ್ದ ಹಳೆಯ ಸೀಟಿ ತೆಗೆದು ಫೋನಿನಲ್ಲೇ ಎರಡು ಸಲ ಊದಿದರು. ಅಷ್ಟರಲ್ಲಿ ಕಿವಿಗೆ ಯಂತ್ರ ಹಾಕಿಕೊಂಡು ಸೀಟಿನಲ್ಲಿ ಕೂತಿದ್ದ ಅಪ್ಪ ಗೇರ್ ಹಾಕಿ ವ್ಯಾನು ಹೊರಡಿಸಿದರು.

ಮಂಜಿನಲ್ಲಿ ಕೇಳಿಸಿದ್ದೂ ಅದೇ ಸೀಟಿಯೇ ಎಂದು ಕೇಳಿದರೆ, ಹೌದು ಎನ್ನುತ್ತೇನೆ. ಚಿಕ್ಕಂದಿನ ನೆನಪು ನನ್ನ ಕಿವಿಯಲ್ಲಿ ಕೂತು ಆಟವಾಡಿಸಿರಬಹುದು ಎಂದರೆ, ಅದನ್ನೂ ಅಲ್ಲಗಳೆಯಲಾರೆ.

ಹನ್ನೊಂದು ದಿನದ ಪ್ರವಾಸದಲ್ಲಿ ನಾನು ಒಮ್ಮೆಯೂ ಸ್ಟಿಯರಿಂಗ್ ಮುಟ್ಟಲಿಲ್ಲ. ವ್ಯಾನು ಹಿಂದಿರುಗಿಸಿದಾಗ ಮಾಲೀಕ ಅದರ ಸುತ್ತ ಕೈಯಾಡಿಸಿ ಬಂದು ಅಪ್ಪನ ಕೈ ಕುಲುಕಿದ. ಅವನು ಬಾಯಿ ತೆರೆಯುವ ಮೊದಲೇ ಅಪ್ಪ, “ಗ್ರ್ಯಾಂಡ್,” ಎಂದರು.

ಕೊಳ್ಳೇಗಾಲದ ಮನೆಯ ಗೋಡೆಯಲ್ಲಿ ಈಗ ಒಂದು ಫೋಟೋ ಇದೆ. ಅಪ್ಪ ವ್ಯಾನಿನ ಕಿಟಕಿಯ ಮೇಲೆ ಮೊಣಕೈ ಊರಿ ಕೂತಿರುವ ಫೋಟೋ. ಕಳೆದ ಸಲ ನಾನು ಊರಿಗೆ ಹೋದಾಗ ಗೌಸ್ ಮಾಮ ಬಂದಿದ್ದರು. ಬಂದಾಗಲೆಲ್ಲ ಅವರು ಅದರ ಮುಂದೆ ನಿಂತು ಅದೇ ಪ್ರಶ್ನೆ ಕೇಳುತ್ತಾರಂತೆ. “ಡ್ರೈವರ್ ಸಾಹೇಬ್ರೆ, ಇದ್ರಲ್ಲಿ ನಾನೆಲ್ಲಿ?”

“ನೀನು ಹಿಂದ್ಗಡೆ ನಿಂತಿದ್ದೀಯ ಗೌಸಣ್ಣ,” ಎಂದರು ಅಪ್ಪ. “ಫೋಟೋದಲ್ಲಿ ಬಂದಿಲ್ಲ.”

ಇಬ್ಬರೂ ನಕ್ಕರು. ನಾನೂ ನಕ್ಕೆ. ಆದರೆ ಅಪ್ಪ ಹೇಳಿದ್ದು ಸುಳ್ಳು ಎನ್ನಲು ನನ್ನ ಬಳಿ ಇವತ್ತಿಗೂ ಏನೂ ಇಲ್ಲ.