ಒಂಟಿಯೋ ಗೂಳಿಯೋ

ನಮ್ಮ ಬೀದಿಯ ಇಸ್ತ್ರಿಯಣ್ಣನಿಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಒಂದೇ ಮಾತು. ಸೈಕಲ್ ರೇಸಿನವರಲ್ಲಿ ಈಗ ಕೊನೆಯ ಗೆರೆಯ ಹತ್ತಿರ ಎಲ್ಲರಿಗಿಂತ ಜೋರಾಗಿ ನುಗ್ಗುವವನು ಯಾರು? ನಗಬೇಡಿ, ಪಾಪ. ತಾನು ರೇಸಿನ ಸೈಕಲ್ಲನ್ನು ಕೈಯಲ್ಲೂ ಮುಟ್ಟಿದವನಲ್ಲ. ಅವನ ಸೈಕಲ್ಲಿಗೆ ಹಿಂದೊಂದು ಬಟ್ಟೆಯ ಗಂಟು, ಮುಂದೊಂದು ಗಂಟು. ಮಡಿಕೆ ಕೆಟ್ಟೀತು ಅಂತ ಇಳಿಜಾರಿನಲ್ಲೂ ಇಳಿದು ತಳ್ಳಿಕೊಂಡೇ ಹೋಗುತ್ತಿದ್ದ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಹಳೆಯ ಕಂಬಳಿ ಹಾಸಿದ ಉದ್ದನೆಯ ಮೇಜು, ಗೋಡೆಯಿಂದ ಗೋಡೆಗೆ ಒಂದು ಕಂಬಿ, ಕಂಬಿಯ ತುಂಬ ಬೇರೆಯವರ ಅಂಗಿಗಳು. ಅವುಗಳಿಗಿಂತ ಮೇಲೆ, ಗೋಡೆಯಲ್ಲಿ ಟಿವಿ. ಆ ಟಿವಿಯಲ್ಲಿ ಸೈಕಲ್ ರೇಸು ಮೊದಲು ಹಾಕಿದವಳು ಅವನ ಹೆಂಡತಿ. ಅವಳಿಗೆ ರೇಸು ಯಾಕೆ ಬೇಕು? ಮೇಲಿನಿಂದ ತೋರಿಸುವ ಹೊಲ, ನದಿ, ಮನೆಗಳ ಹಿತ್ತಿಲು ನೋಡುವುದಕ್ಕೆ. ಯಾರದೋ ಹಿತ್ತಿಲಿನಲ್ಲಿ ಹಾಸಿಗೆ ಬಿಸಿಲಿಗೆ ಹಾಕಿದ್ದರೆ, ಯಾರದಾದರೂ ಆಗಲಿ, ಚೆನ್ನಾಗಿ ಒಣಗಲಿ ಅನ್ನುವಂಥ ಹೆಂಗಸು ಅದು. ಗಂಡಸರಿಗೆ ಮಾತ್ರ ಕೊನೆಯ ಇನ್ನೂರು ಮೀಟರು ಸಾಕು.

ಗಂಡಸರು ಅಂದೆನಲ್ಲ, ಇನ್ನೊಬ್ಬ ಅವಳ ತಮ್ಮ. ಇಸ್ತ್ರಿಯಣ್ಣನ ಬಾಮೈದ, ಹಲ್ಲಿನ ಸೆಟ್ಟು ಮಾಡುವವನು. ಎರಡು ಬೀದಿ ಆಚೆ ಮಹಡಿಯ ಮೇಲೆ ಅವನ ಕೋಣೆ. ಮದುವೆ ಗಿದುವೆ ಅಂತ ತಲೆಗೆ ಹಚ್ಚಿಕೊಂಡವನಲ್ಲ. ಮಧ್ಯಾಹ್ನ ಕೈ ತೊಳೆದುಕೊಂಡು ಅಕ್ಕನ ಮನೆಗೆ ಬಂದರೆ ರೇಸು ಮುಗಿಯುವವರೆಗೂ ಏಳುತ್ತಿರಲಿಲ್ಲ. ಭಾವನ ಬಾಯಲ್ಲಿದ್ದ ಹಲ್ಲೂ ಅವನು ಮಾಡಿಕೊಟ್ಟದ್ದೇ. ನನ್ನ ಹಲ್ಲು ಹಾಕ್ಕೊಂಡು ನನ್ನ ಮೇಲೇ ವಾದ ಮಾಡ್ತೀರಲ್ಲ ಅಂತ ರೇಗಿಸುತ್ತಿದ್ದ.

ವಾದ ಏನಂತೀರಾ? ಇಬ್ಬರು ಓಟಗಾರರಿಗೆ ಇವರೇ ಅಡ್ಡಹೆಸರು ಇಟ್ಟಿದ್ದರು. ಬಾಮೈದನ ಮೆಚ್ಚಿನವನು ಗೂಳಿ. ಅವನ ತಂಡದವರು ಸಾಲಾಗಿ ಮುಂದೆ ನಿಂತು, ಗಾಳಿಯನ್ನೆಲ್ಲ ತಾವೇ ತಿಂದು, ಅವನನ್ನು ಎಳೆದುಕೊಂಡು ಬಂದು ಗೆರೆಯ ಹತ್ತಿರ ಬಿಡುತ್ತಾರೆ. ಅಲ್ಲಿಂದ ಅವನು ನುಗ್ಗುತ್ತಾನೆ. ಇಸ್ತ್ರಿಯಣ್ಣನವನು ಒಂಟಿ. ಅವನಿಗೆ ಹಾಗೆ ಎಳೆಯುವವರು ಯಾರೂ ಇಲ್ಲ. ಸಿಕ್ಕಿದವರ ಬೆನ್ನು ಹಿಡಿದು, ಸಂದಿಯಲ್ಲಿ ತೂರಿ ಬರಬೇಕು. ಹೆಚ್ಚು ಗೆಲುವು ಗೂಳಿಯದೇ, ಅದಕ್ಕೇ ಅವನೇ ವೇಗಿ ಅನ್ನುವುದು ಬಾಮೈದನ ಲೆಕ್ಕ.

"ನಾಲ್ಕು ಜನ ಹೊತ್ಕೊಂಡು ಬಂದು ಇಳಿಸಿದ್ರೆ ನಾನೂ ಗೆಲ್ತೀನಿ," ಅಂದಿದ್ದ ಒಮ್ಮೆ ಇಸ್ತ್ರಿಯಣ್ಣ.

"ನಿಮ್ಮನ್ನ ನಾಲ್ಕು ಜನ ಹೊರೋ ಹೊತ್ತಿಗೆ ಎಲ್ಲಿ ಗೆಲ್ತೀರಾ ಭಾವ."

ಒಳಗಿನಿಂದ ಅವಳು, "ಬಿಡ್ತು ಅನ್ನೋ," ಅಂದಳು. ಅವನು ನಗುತ್ತಲೇ ಬಿಡ್ತು ಅಂದ.

ಆದರೆ ಮೊದಲು ಹೋದವಳು ಅವಳು. ಒಂದು ವಾರದ ಜ್ವರ, ಅಷ್ಟೇ. ಬಂದ ನೆಂಟರೆಲ್ಲ ಹೊರಟ ಮೇಲೆ ಆ ಕೋಣೆಯಲ್ಲಿ ಇಬ್ಬರೇ ಉಳಿದರು. ಅವಳ ಮೂಲಕವೇ ನೆಂಟರಾದವರು, ಅವಳಿಲ್ಲದೆ ಒಬ್ಬರಿಗೊಬ್ಬರು ಏನಾಗಬೇಕು ಅಂತ ಇಬ್ಬರಿಗೂ ತಿಳಿಯದು. ಬಾಮೈದ, ಗೂಳಿ ಮೊನ್ನೆ ಗೆದ್ದನಂತೆ ಅಂದ. ಗಾಳಿ ಬೆನ್ನಿಗಿತ್ತು ಬಿಡು ಅಂದ ಇಸ್ತ್ರಿಯಣ್ಣ. ಅವರು ಅತ್ತದ್ದು ಹಾಗೆ. ಅಲ್ಲಿಂದ ಮುಂದೆ ಮಧ್ಯಾಹ್ನಕ್ಕೆ ಆ ವಾದ ಒಂದೇ ಗತಿ. ಅವಳ ಸುದ್ದಿಯನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಒಂಟಿ, ಗೂಳಿ ಇಬ್ಬರೂ ಒಂದೇ ಗೆರೆಗೆ ಬಂದರು. ಗೂಳಿಯ ಮುಂದಿದ್ದವರು ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದರು, ಗೂಳಿ ಹೊರಟ. ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ಬೇಲಿಯ ಪಕ್ಕದ ಸಂದಿಯಿಂದ ಒಂಟಿ ತೂರಿ ಬಂದ. ಗೆರೆಯ ಮೇಲೆ ಸೈಕಲ್ಲಿನ ಚಕ್ರವನ್ನು ಮುಂದಕ್ಕೆ ಎಸೆದ ಹಾಗೆ ತಳ್ಳಿದ. ಯಾರು ಗೆದ್ದರೆಂದು ಗೆರೆಯಲ್ಲಿ ತೆಗೆದ ಫೋಟೋ ನೋಡಿ ಹೇಳಬೇಕಾಯಿತು: ಒಂಟಿ! ಇಸ್ತ್ರಿಯಣ್ಣ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ.

"ಒಪ್ಕೊಂಡೆ ಭಾವ," ಅಂದ ಬಾಮೈದ. "ನಿಮ್ಮವನೇ."

ಆ ಸಂಜೆ ಇಸ್ತ್ರಿಯಣ್ಣನ ಕಾಲು ನೆಲದ ಮೇಲೆ ಇರಲಿಲ್ಲ. ಮಾರನೆಯ ದಿನ ಬಾಮೈದ ಬಂದ, ಕೂತ. ಸೆಖೆ ಜಾಸ್ತಿ ಅಂದ. ಹೌದು ಅಂದ ಇವನು. ರೇಸು ಮುಗಿಯುವ ಮೊದಲೇ ಬಾಮೈದ ಕೆಲಸವಿದೆ ಅಂತ ಎದ್ದ. ಆಮೇಲೆ ಒಂದು ದಿನ ಬಿಟ್ಟು ಬಂದ. ಆಮೇಲೆ ಬರಲೇ ಇಲ್ಲ.

ಇಸ್ತ್ರಿಯಣ್ಣ ಬೇರೆಯವರನ್ನು ಎಳೆದು ನೋಡಿದ. ಬಟ್ಟೆ ಕೊಡಲು ಬಂದ ಔಷಧಿ ಅಂಗಡಿಯವನನ್ನು ಕೇಳಿದರೆ, ಯಾರಾದರೇನು, ಕಾಲರು ಗಟ್ಟಿಯಾಗಿ ನಿಲ್ಲಿಸಿ ಅಂದ. ಪಕ್ಕದ ಮನೆಯಾಕೆಯನ್ನು ಕೇಳಿದರೆ, ಬೆಳಕಿಗಿಂತ ವೇಗ ಯಾವುದೂ ಇಲ್ಲವಂತೆ, ನನ್ನ ಮೊಮ್ಮಗ ಹೇಳಿದ ಅಂದಳು. ಒಂಟಿ ಇನ್ನೊಂದು ಸಲವೂ ಗೆದ್ದ. ನೋಡಿದ್ಯಾ ಅಂತ ಬಾಮೈದ ಕೂರುತ್ತಿದ್ದ ಖಾಲಿ ಕುರ್ಚಿಯ ಕಡೆ ತಿರುಗಿದ, ತಿರುಗಿದವನು ಹಾಗೇ ನಿಂತ. ಆ ದಿನ ಯಾರ ಅಂಗಿಗೂ ಸರಿಯಾಗಿ ಮಡಿಕೆ ಬೀಳಲಿಲ್ಲ.

ಕೊನೆಗೆ ಬಾಮೈದನ ಎರಡು ಅಂಗಿ ತನ್ನಲ್ಲೇ ಉಳಿದಿವೆಯಲ್ಲ ಅನ್ನುವ ನೆಪ ಸಿಕ್ಕಿತು. ತೆಗೆದುಕೊಂಡು ಮಹಡಿ ಹತ್ತಿದ. ಗೋಡೆಯ ಹಲಗೆಗಳ ಮೇಲೆ ಊರಿನವರ ದವಡೆಗಳ ಪ್ಲಾಸ್ಟರ್ ಅಚ್ಚು. ಅಷ್ಟೊಂದು ಬಾಯಿ ತೆರೆದಿದ್ದರೂ ಒಂದರಲ್ಲೂ ಸದ್ದಿಲ್ಲ. ಅವುಗಳ ನಡುವೆ ಬಾಮೈದ ತಲೆ ತಗ್ಗಿಸಿ ಸೆಟ್ಟಿನ ಒಂದು ಹಲ್ಲನ್ನು ಅರದಿಂದ ಉಜ್ಜುತ್ತಿದ್ದ.

"ಅವತ್ತು ಗೂಳೀನ ಅವನ ತಂಡದವರು ಬೇಗ ಬಿಟ್ಬಿಟ್ರು ಕಣೋ," ಅಂದ ಇಸ್ತ್ರಿಯಣ್ಣ, ನಿಂತಲ್ಲಿಂದಲೇ. "ಇನ್ನೊಂಚೂರು ಎಳೆದಿದ್ರೆ ಅವನೇ ಗೆಲ್ತಿದ್ದ."

ಬಾಮೈದ ಅರ ಕೆಳಗಿಟ್ಟ. "ಏನ್ ಭಾವ, ಪಕ್ಷ ಬದಲಾಯಿಸಿದ್ರಾ?"

"ನೀನು ಬರ್ತಾನೇ ಇಲ್ವಲ್ಲ."

ಬಾಮೈದ ಕೈಗೆ ಹತ್ತಿದ ಪುಡಿ ಒರೆಸಿಕೊಂಡ. "ನಾನೆಲ್ಲಿ ನಿಜವಾಗಿ ಒಪ್ಪಿದ್ದೆ? ಅಕ್ಕ ಹೋದ್ಮೇಲೆ ನೀವು ನಕ್ಕಿದ್ದು ಅವತ್ತೇ ಮೊದಲು. ಅದನ್ನ ಕೆಡಿಸಬಾರ್ದು ಅನ್ನಿಸ್ತು. ಆಮೇಲೆ ಬಂದು ಕೂತ್ರೆ ಮಾತಿಲ್ಲ. ಇನ್ನು ಅವಳ ವಿಷಯಾನೇ ಬರುತ್ತೆ ಅಂತ ಹೆದರಿಕೆ ಆಯ್ತು ಭಾವ."

"ಬಂದ್ರೆ ಬರ್ಲಿ," ಅಂದ ಇಸ್ತ್ರಿಯಣ್ಣ. ಅಂಗಿಗಳನ್ನು ಮೇಜಿನ ಮೇಲಿಟ್ಟ. ಅವುಗಳ ಮಡಿಕೆ ನೇವರಿಸುತ್ತಾ ಕೇಳಿದ, "ಅವಳು ಯಾರ ಕಡೆ ಇದ್ಳೋ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಅಷ್ಟು ವರ್ಷ ಅವಳ ಕಿವಿಯ ಹತ್ತಿರವೇ ಕಿತ್ತಾಡಿದ್ದರು, ನಿನ್ನ ಪ್ರಕಾರ ಯಾರು ಅಂತ ಒಬ್ಬನೂ ಕೇಳಿರಲಿಲ್ಲ.

"ಗೂಳೀನೇ. ನನ್ನ ಅಕ್ಕ ಅಲ್ವಾ," ಅಂದ ಬಾಮೈದ.

"ನನ್ನ ಹೆಂಡ್ತಿ ಕಣೋ ಅವಳು. ಒಂಟಿ ಗೆದ್ದ ದಿನ ಎರಡು ಸಲ ಚಹಾ ಕೊಡ್ತಿದ್ಳು."

"ಎರಡನೇದು ನನಗೆ ಸಮಾಧಾನಕ್ಕೆ."

ಕತ್ತಲಾಗುವವರೆಗೂ ಬಿಡಲಿಲ್ಲ ಇಬ್ಬರೂ. ಈ ಸಲ ಫೋಟೋ ತೋರಿಸಿ ತೀರ್ಪು ಹೇಳುವವರು ಯಾರೂ ಇರಲಿಲ್ಲ. ಬಾಮೈದ ನಾಳೆ ಮಧ್ಯಾಹ್ನ ಬರುತ್ತೇನೆ ಅಂದ. ಇಸ್ತ್ರಿಯಣ್ಣ ಒಬ್ಬನೇ ಮನೆಗೆ ಬಂದು ಬೀಗ ತೆಗೆದ, ದೀಪ ಹಾಕಿದ. ಆಗಲೇ ನೋಡಿ ಅವನಿಗೆ ಬಾಮೈದನ ಚಹಾದ ಮಾತಿಗೆ ಒಳ್ಳೆಯ ಉತ್ತರ ಹೊಳೆದದ್ದು. ಹೇಳೋಣವೆಂದರೆ ಮನೆಯಲ್ಲಿ ಯಾರಿದ್ದಾರೆ? ನಾಳೆಗೆ ಮರೆಯದಿರಲಿ ಅಂತ ಅದನ್ನೇ ಬಾಯಲ್ಲಿ ಅಂದುಕೊಳ್ಳುತ್ತಾ, ಒಂದೇ ತಟ್ಟೆ ತೊಳೆದು ಊಟಕ್ಕೆ ಕೂತ.