ನಾಲ್ಕನೇ ನಂಬರಿನ ಫ್ಲಾಪಿ

ಜಗಳೂರಿನ ತಿಪ್ಪೇಸ್ವಾಮಿ ಮೇಷ್ಟ್ರು ಬಸ್ಸಿಳಿದವರೇ ಸೀದಾ ಬಂದು ನನ್ನ ಟೇಬಲ್ ಮೇಲೆ ಒಂದು ಕಟ್ಟು ಮಾರ್ಕ್ಸ್ ಕಾರ್ಡ್ ಇಟ್ಟರು.

"ನೋಡಮ್ಮ, ಅರ್ಧ ಕ್ಲಾಸು ಫೇಲ್ ಆಗೈತೆ. ನಾಳೆ ಬೆಳಿಗ್ಗೆ ರಿಸಲ್ಟ್ ಹಚ್ಚಬೇಕು!"

ಎಂಬತ್ತರ ದಶಕದ ಕೊನೆ ಅದು. ನಮ್ಮ ಮಾಲೀಕರಿಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳಿದ್ದವು. ನಾಲ್ಕೂ ಕಡೆ ಒಂದೊಂದು ಕಂಪ್ಯೂಟರ್ ಇಟ್ಟು ಶಾಲೆಗಳ ಮಾರ್ಕ್ಸ್ ಕಾರ್ಡ್ ಪ್ರಿಂಟ್ ಮಾಡಿಕೊಡುತ್ತಿದ್ದೆವು. ಜಗಳೂರಿನ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ಈ ಮೇಷ್ಟ್ರು.

ಒಂದೊಂದು ಊರಿನ ಪ್ರೋಗ್ರಾಂ ಒಂದೊಂದು ಥರ. ಆದರೆ ಅಂಕ ಕೂಡಿಸುವುದು, ಪಾಸು ಫೇಲು ನೋಡುವುದು ಎಲ್ಲರಿಗೂ ಒಂದೇ ತಾನೇ? ಆ ಭಾಗವನ್ನು ನಾನು ಚನ್ನಗಿರಿಯಲ್ಲಿ ಬರೆದು ಫ್ಲಾಪಿಯಲ್ಲಿ ಕಳಿಸುತ್ತಿದ್ದೆ. ಈಗಿನ ಕಂಪ್ಯೂಟರಿನವರು ಲೈಬ್ರರಿ ಅನ್ನುವುದು ಅದನ್ನೇ.

ತಿದ್ದಿದಾಗಲೆಲ್ಲ ಫ್ಲಾಪಿಗೆ ಮುಂದಿನ ನಂಬರ್. ಒಂದು, ಎರಡು, ಮೂರು... ಎಲ್ಲಾ ಸಣ್ಣಪುಟ್ಟ ರಿಪೇರಿ.

ನಾಲ್ಕರಲ್ಲಿ ಮಾತ್ರ ವಿಷಯಗಳ ಕ್ರಮವನ್ನೇ ಬದಲಿಸಿದ್ದೆ. ಅದಕ್ಕೆ ತಕ್ಕಂತೆ ಊರಿನ ಪ್ರೋಗ್ರಾಮನ್ನೂ ತಿದ್ದಬೇಕಿತ್ತು. ಮೇಷ್ಟ್ರು ತಿದ್ದದೆ ಹಾಕಿದ್ದರು, ಗಣಿತದ ಅಂಕ ಹೋಗಿ, ಪಾಸಾಗಲು ಹೆಚ್ಚು ಅಂಕ ಬೇಕಿದ್ದ ಕನ್ನಡದ ಜಾಗದಲ್ಲಿ ಕೂತಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಜೊತೆಗೆ ಚೀಟಿ ಇಟ್ಟಿದ್ದೆನಲ್ಲ, ಓದಬಾರದಾ ಎಂದೆ.

"ಚೀಟಿ ಎಲ್ಲೋ ಬಿತ್ತಮ್ಮ. ಮೂರು ಹಾಕಿದಾಗ ಏನೂ ಆಗಲಿಲ್ಲ. ನಾಲ್ಕು ಬೇರೆ ಅಂತ ಬರೀ ನಂಬರ್ ನೋಡಿ ಹೆಂಗೆ ತಿಳ್ಕೊಳಾಕೆ ಆಗ್ತೈತೆ?"

ಹೌದಲ್ಲ, ತಪ್ಪು ನನ್ನದೇ.

ತಲೆ ತಗ್ಗಿಸಿ ಕೂತಾಗ ಕಣ್ಣಿಗೆ ಬಿದ್ದದ್ದು ಅದೇ ಕಾರ್ಡುಗಳು. ಎಂಟು ಎ. ಎಂಟು ಬಿ...

ಅರೆ! ಸೆಕ್ಷನ್ ಬದಲಾದರೆ ಪುಸ್ತಕ ಅದೇ ಇರುತ್ತದೆ. ಕ್ಲಾಸು ಬದಲಾದರೆ ಪುಸ್ತಕವೇ ಬೇರೆ.

ಸ್ಕೆಚ್ ಪೆನ್ ತಗೊಂಡು ಹಳೇ ಮೂರನ್ನೂ 1-ಎ, 1-ಬಿ, 1-ಸಿ ಮಾಡಿದೆ. ನಾಲ್ಕನೆಯದು 2-ಎ ಆಯಿತು. ಅಕ್ಷರ ಬದಲಾದರೆ ಸುಮ್ಮನೆ ಹಾಕಿಕೊಳ್ಳಬಹುದು, ಅಂಕಿ ಬದಲಾದರೆ ಊರಿನ ಪ್ರೋಗ್ರಾಮನ್ನೂ ತಿದ್ದಬೇಕು.

ಜೀವಮಾನವೆಲ್ಲ ಪಾಠ ಹೇಳಿ ರಿಟೈರಾದ ಮೇಷ್ಟ್ರಿಗೆ ವಿವರಿಸಬೇಕಾ? ನಕ್ಕುಬಿಟ್ಟರು. "ಹಂಗಾದ್ರೆ ನಂದಿನ್ನೂ ಒಂದನೇ ಕ್ಲಾಸು. ಒಂದು-ಸಿ ಕೊಡಮ್ಮ, ಬಸ್ಸಿಗೆ ಹೊತ್ತಾಯ್ತು."

ಮರುದಿನ ಜಗಳೂರಿನಲ್ಲಿ ಹೊತ್ತಿಗೆ ಸರಿಯಾಗಿ ರಿಸಲ್ಟ್ ಹಚ್ಚಿದರು. ಪಾಸಾದ ಮಕ್ಕಳು ಪಾಸಾಗಿಯೇ ಇದ್ದರು.

ಆಮೇಲೆ ಜಗಳೂರಿನ ಪ್ರೋಗ್ರಾಮನ್ನೂ ತಿದ್ದಿಸಿ ಎಲ್ಲರನ್ನೂ 2-ಎಗೆ ತಂದೆ. 2-ಬಿ ಕಳಿಸಿದೆ, 2-ಸಿ ಕಳಿಸಿದೆ. "ಇದನ್ನ ಹಾಕಬಹುದಾ ಮೇಡಂ" ಎಂದು ಪ್ರತಿ ಸಲ ಪ್ರಾಣ ತಿನ್ನುತ್ತಿದ್ದ ಹೊನ್ನಾಳಿ, ನ್ಯಾಮತಿಯವರೂ ಫೋನ್ ಮಾಡಲಿಲ್ಲ.

3-ಎ ತಲುಪಿದ ದಿನ ಮಾತ್ರ ಮೂರೂ ಊರಿನಿಂದ ಫೋನ್. ಮೊದಲನೆಯದು ಮೇಷ್ಟ್ರದ್ದೇ. "ಕ್ಲಾಸು ಬದಲಾಗೈತಲ್ಲಮ್ಮ, ನಮ್ಮ ಕಡೆ ಏನು ತಿದ್ದಬೇಕು?"

ಚೀಟಿ ಇಲ್ಲದೆ ಬರೀ ನಂಬರ್ ನೋಡಿ ಕೇಳಿದ ಆ ಒಂದು ಪ್ರಶ್ನೆಗೆ ನಾನು ಈಗಲೂ ಬೀಗುತ್ತೇನೆ... ತಪ್ಪಾ ಹೇಳಿ?