ನೀಲಗಿರಿ ಡಾಕ್ಟ್ರು

ಕುಂಬ್ಡಾಜೆಯ ಗುಡ್ಡದ ನೀಲಗಿರಿ ತೋಪಿನಲ್ಲಿ ಮರಗಳ ರೋಗ ಸಂಶೋಧಿಸುವ ಫಿಡೆಲಿಸರನ್ನು ಊರವರೆಲ್ಲ ‘ನೀಲಗಿರಿ ಡಾಕ್ಟ್ರು’ ಎಂದೇ ಕರೆಯುತ್ತಿದ್ದರು. ಸುತ್ತಳತೆಯ ಟೇಪು ಹಿಡಿದರೆ, “ಬಿಗಿ ಆಯ್ತಾ ಮಾರಾಯ?” ಎಂದು ಮರವನ್ನೇ ಕೇಳುವರು. ತೊಗಟೆ ಬಿರಿದು ಅಂಟು ಸೋರುವ ಮರ ಕಂಡ ದಿನ ಅವರಿಗೆ ಊಟ ಸೇರದು. ಮದುವೆಗೆ ಹೋದರೂ ಚಪ್ಪರದ ಸೊಪ್ಪನ್ನು ಮಗುಚಿ ನೋಡಿದ ಮೇಲೆಯೇ ಮದುಮಗಳತ್ತ ನೋಟ. ಸಹಾಯಕಿಯಾಗಿ ಬಂದ ಎಡನೀರಿನ ಶಂಕರಿ ಸುಮ್ಮನೆ ಒಂದೆಲೆ ಕಿತ್ತಾಗ, “ಅದು ನಿಮಗೆ ಎಂತ ಮಾಡಿತ್ತು?” ಎಂದು ಗದರಿದ್ದರು. ಆದ್ದರಿಂದಲೇ 2008ರ ಒಂದು ಬೆಳಿಗ್ಗೆ ಕಂಡದ್ದನ್ನು ಅವಳಿಗೆ ನಂಬಲಾಗಲಿಲ್ಲ. ತೋಪಿನ ಅತಿ ಚೆಂದದ ಮರದ ತೊಗಟೆಯನ್ನು ಫಿಡೆಲಿಸ್ ಚಾಕುವಿನಿಂದ ಸೀಳಿ, ಸತ್ತ ಮರದಿಂದ ತೆಗೆದು ಲ್ಯಾಬಿನಲ್ಲಿ ಬೆಳೆಸಿದ ಶಿಲೀಂಧ್ರವನ್ನು ಆ ಗಾಯದೊಳಗೆ ತುಂಬುತ್ತಿದ್ದರು. “ಅಯ್ಯೋ, ಎಂತ ಮಾಡ್ತಿದ್ದೀರಿ ಸರ್? ಅದಕ್ಕೆ ಎಂತ ರೋಗವೂ ಇಲ್ಲ!” ಶಂಕರಿ ಚೀರಿಯೇ ಬಿಟ್ಟಳು. “ಅದಕ್ಕೇ ಇದು ಬೇಕು,” ಎಂದರು ಅವರು. “ರೋಗ ಇಲ್ಲದ್ದಕ್ಕೂ ಇದರಿಂದ ಅದೇ ರೋಗ ಬಂದ್ರೆ ಮಾತ್ರ ಉಳಿದ ಮರಗಳನ್ನು ಕೊಲ್ಲುದು ಯಾವುದೂಂತ ಗೊತ್ತಾಗುದು.” ಗಾಯಕ್ಕೆ ಪಟ್ಟಿ ಸುತ್ತಿ, ಮರದ ಮೈಯನ್ನೊಮ್ಮೆ ಸವರಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಗಾಯ ಕಪ್ಪಾಗಿ, ಮರದ ತುದಿ ಒಣಗಿತು. ಒಳಗಿನಿಂದ ಅದೇ ಶಿಲೀಂಧ್ರ ಮರಳಿ ಸಿಕ್ಕಿತು. “ಕಾರಣ ಸಿಕ್ಕಿತು ಸರ್! ಇನ್ನು ಉಳಿದವನ್ನು ಉಳಿಸಬಹುದು!” ಎಂದು ಶಂಕರಿ ಓಡಿಬಂದಳು. ಫಿಡೆಲಿಸ್ ತಲೆಯೆತ್ತಲಿಲ್ಲ. “ರೋಗ ಹರಡದ ಹಾಗೆ ನಾಳೆ ಆ ಮರವನ್ನು ಕಡಿದು ಸುಡ್ಬೇಕು. ನೀವೇ ನಿಂತು ಮಾಡಿಸಿ, ಶಂಕರಿ,” ಎಂದರು. “ನಾನು ಬರುದಿಲ್ಲ.”